ತಲೆ ಎತ್ತದೆ ಹೇಳಿದ ಹ್ಞೂಂ

ಬೀಡಿ ಕಟ್ಟುವವರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದಿಲ್ಲ. ಈ ಕೆಲಸ ಗೊತ್ತಿಲ್ಲದವರಿಗೆ ಇದು ವಿಚಿತ್ರವಾಗಿ ಕಾಣಬಹುದು, ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಮಡಿಲಲ್ಲಿ ಮೊರದಂಥ ಗೆರಸೆ ಇರುತ್ತದೆ. ಅದರಲ್ಲಿ ಅಳತೆಗೆ ಕತ್ತರಿಸಿದ ಎಲೆ, ಒಂದು ಬದಿಗೆ ಹೊಗೆಸೊಪ್ಪಿನ ಪುಡಿ, ಇನ್ನೊಂದು ಬದಿಗೆ ನೂಲು. ಎಲೆ ತೆಗೆಯಬೇಕು, ಪುಡಿ ಹಾಕಬೇಕು, ಸುರುಟಬೇಕು, ತುದಿ ಮಡಚಬೇಕು, ನೂಲು ಸುತ್ತಬೇಕು. ದಿನಕ್ಕೆ ನೂರಾರು ಸಲ ಇಷ್ಟನ್ನು ಮಾಡುವವರ ತಲೆ ಕೆಳಗೇ ಇರುತ್ತದೆ. ಬಿಡುವಾಗಿರುವುದು ಬಾಯಿ ಮತ್ತು ಕಿವಿ ಮಾತ್ರ. ಹೇಳುವವರೂ ಗೆರಸೆ ನೋಡಿ ಹೇಳುತ್ತಾರೆ, ಕೇಳುವವರೂ ಗೆರಸೆ ನೋಡಿ ಕೇಳುತ್ತಾರೆ. ಎದುರಿನವರು ಕೇಳುತ್ತಿದ್ದಾರೆ ಎನ್ನುವುದಕ್ಕೆ ನಮಗಿರುವ ಗುರುತು ಒಂದೇ, ನಡುನಡುವೆ ಬರುವ ‘ಹ್ಞೂಂ’.

ಆ ಗುರುತನ್ನು ನಾನು ಸುಳ್ಳು ಮಾಡಿದೆ. ಅದರಿಂದ ಆಚೆ ಮನೆಯ ಅಕ್ಕನ ಆಯುಸ್ಸಿನಲ್ಲಿ ಎಷ್ಟು ಕಡಿಮೆಯಾಯಿತೋ, ಅಥವಾ ಏನೂ ಆಗಲಿಲ್ಲವೋ, ಈಗಲೂ ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ಕಾಯುವ ಧೈರ್ಯವಿಲ್ಲದೆ ಬರೆಯಲು ಕೂತಿದ್ದೇನೆ.

ನಮ್ಮ ಮನೆ ಇರುವುದು ಕೆದಂಬಾಡಿಯಲ್ಲಿ. ಕುಂಬ್ರ ಪೇಟೆಗೆ ನಡೆದೇ ಹೋಗುತ್ತೇವೆ. ಆಚೆ ಮನೆಯವರು ಬ್ಯಾರಿಗಳು. ಆ ಮನೆಯ ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರ ಗಂಡ ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಇರುವವಳು ಒಬ್ಬಳೇ ಮಗಳು, ಅವಳನ್ನು ಸುಳ್ಯದ ಕಡೆಗೆ ಕೊಟ್ಟಿದ್ದಾರೆ. ನಾನು ಮದುವೆಯಾಗಿ ಬಂದ ತಿಂಗಳಿನಿಂದಲೇ ಅಕ್ಕ ಮಧ್ಯಾಹ್ನದ ಊಟ ಮುಗಿಸಿ ಗೆರಸೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಸಂಜೆ ಮಸೀದಿಯ ಬಾಂಗ್ ಕೇಳಿದರೆ ಎದ್ದು ಹೋಗುತ್ತಿದ್ದರು. ನಮ್ಮ ಮಾತುಕತೆ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ, ಅವರ ಬಾಯಿಯ ಖಾರ ಇದರಲ್ಲಿ ಅರ್ಧವೂ ಉಳಿಯುವುದಿಲ್ಲ.

ಆ ಜಗಲಿಯಲ್ಲಿ ನಾವು ಮಾತಾಡದೆ ಬಿಟ್ಟ ವಿಷಯ ಇಲ್ಲ. ನನ್ನ ಅತ್ತೆಯ ಕಿರಿಕಿರಿ, ಅಕ್ಕನ ನಾದಿನಿಯ ಕಿರಿಕಿರಿ, ನನಗೆ ಎರಡು ಸಲ ಬಸಿರು ನಿಲ್ಲದೆ ಹೋದದ್ದು, ಅವರ ಗಂಡನ ಫೋನು ಒಮ್ಮೆ ಮೂರು ತಿಂಗಳು ಬಾರದೇ ಇದ್ದದ್ದು. ಅಳು ಬಂದಾಗಲೂ ನಾವು ತಲೆ ಎತ್ತಿದವರಲ್ಲ. “ಎಲೆಗೆ ನೀರು ಬೀಳ್ತದೆ ಮಾರಾಯ್ತಿ, ಆ ಕಡೆ ತಿರುಗಿ ಅಳು” ಎಂದು ಅವರು ನನ್ನನ್ನು ಗದರಿಸಿದ್ದುಂಟು. ನಾನು ಅಳುತ್ತಲೇ ನಕ್ಕಿದ್ದೆ.

ಫೋನು ನನ್ನ ಕೈಗೆ ಬಂದದ್ದು ಮಗಳ ಆನ್‌ಲೈನ್ ಕ್ಲಾಸಿನ ದೆಸೆಯಿಂದ. ಕೊರೊನಾ ಸಮಯದಲ್ಲಿ ಅವಳಿಗೆಂದು ತೆಗೆದದ್ದು. ಆಮೇಲೆ ಅವಳು ಕಾಲೇಜು, ಹಾಸ್ಟೆಲು ಎಂದು ಹೋಗುವಾಗ ಹೊಸ ಫೋನು ಹಿಡಿದುಕೊಂಡು ಹೋದಳು, ಹಳೆಯದು ನನ್ನ ಪಾಲಿಗೆ ಬಂತು. ಮೊದಮೊದಲು ಅವಳ ಫೋನು ಬರುವುದಕ್ಕೆ ಮಾತ್ರ ಅದು ಬೇಕಾಗಿತ್ತು. ಮತ್ತೆ ಅಡುಗೆ ನೋಡಲು ಬೇಕಾಯಿತು. ಮತ್ತೆ ಯಾವುದಕ್ಕೆ ಬೇಕು ಎಂದೇ ಗೊತ್ತಾಗದೆ ಬೇಕಾಯಿತು. ಬೆಳಿಗ್ಗೆ ಒಲೆಗೆ ಬೆಂಕಿ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ, ಹಾಲು ಉಕ್ಕಿ ಚೆಲ್ಲಿದ ಮೇಲೆ ಮತ್ತೊಮ್ಮೆ. ಗಂಡ ಪಿಕಪ್ ಓಡಿಸುವವರು, ಸಂಜೆ ಮನೆಗೆ ಬಂದರೆ ಅವರದ್ದೂ ಇದೇ ಕತೆ. ಹಾಗಾಗಿ ಹೇಳುವವರು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅಕ್ಕನಿಗೆ ಮಾತ್ರ ಫೋನೆಂದರೆ ಆಗದು. “ಅದನ್ನು ನೋಡಿಕೊಂಡು ಕಟ್ಟಿದ ಬೀಡಿ ಬಾಯಿ ಬಿಡ್ತದೆ” ಎನ್ನುತ್ತಿದ್ದರು. ಅವರ ಎದುರು ಫೋನು ಹಿಡಿದು ಕೂರಲು ನನಗೆ ಸಂಕೋಚ. ಇಡೀ ಮಧ್ಯಾಹ್ನ ಅದನ್ನು ಬಿಟ್ಟಿರಲೂ ಆಗದು. ಸುಳ್ಳು ಯಾಕೆ ಹೇಳಲಿ, ನಾನೊಂದು ಉಪಾಯ ಮಾಡಿದೆ. ಫೋನನ್ನು ಗೆರಸೆಯ ಒಳಗೇ, ಪುಡಿಯ ಡಬ್ಬಿಗೆ ಒರಗಿಸಿ ಇಟ್ಟೆ. ಸುತ್ತ ಎಲೆಯ ರಾಶಿ. ಎದುರು ಕಂಬಕ್ಕೆ ಒರಗಿ ಕೂತವರಿಗೆ ಗೆರಸೆಯ ಅಂಚು ಬಿಟ್ಟು ಬೇರೇನೂ ಕಾಣದು. ಮಗಳು ಬಿಟ್ಟುಹೋದ ಇಯರ್‌ಫೋನಿನ ಒಂದು ಗುಂಡಿಯನ್ನು ಎಡಗಿವಿಗೆ ಹಾಕಿ ಮೇಲೆ ಕೂದಲು ಎಳೆದುಕೊಂಡೆ. ನನ್ನ ಎಡಕ್ಕೆ ಗೋಡೆ. ಬಲಗಿವಿ ಅಕ್ಕನಿಗೆ. ತಲೆ ಹೇಗೂ ಕೆಳಗೇ ಇರುತ್ತದೆ, ಕೈ ಹೇಗೂ ತನ್ನಷ್ಟಕ್ಕೆ ಓಡುತ್ತದೆ. ಬೇರೆ ಯಾವ ಕೆಲಸದಲ್ಲಾದರೂ ಸಿಕ್ಕಿಬೀಳುತ್ತಿದ್ದೆ. ಈ ಕೆಲಸದಲ್ಲಿ ನನ್ನ ಕಳ್ಳತನ ಯಾರಿಗೂ ಕಾಣದೆ ಬೆರೆತುಹೋಯಿತು.

ಹ್ಞೂಂ ಹೇಳುವುದು ಕಷ್ಟವೇ ಅಲ್ಲ. ಎದುರಿನ ದನಿ ನಿಂತಿತೆಂದರೆ ಹ್ಞೂಂ. ಸ್ವಲ್ಪ ಏರಿತೆಂದರೆ “ಹೌದಾ?”. ಇಳಿಯಿತೆಂದರೆ “ಎಂತ ಮಾಡುದು ಅಕ್ಕ” ಎಂದರೆ ಮುಗಿಯಿತು. ಇಷ್ಟರಲ್ಲಿ ನಾನು ಎಷ್ಟು ತಿಂಗಳು ದಾಟಿಸಿದೆನೋ ಲೆಕ್ಕ ಇಟ್ಟವರಿಲ್ಲ. ಅವರು ಮಾತಾಡುತ್ತಿದ್ದರು, ನಾನು ರೀಲ್ಸ್ ನೋಡುತ್ತಿದ್ದೆ. ನನಗೆ ಆಗ ಅದು ತಪ್ಪೆಂದೇ ಅನಿಸಲಿಲ್ಲ.

ಆ ದಿನದ್ದು ಹೇಳುತ್ತೇನೆ. ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಮಗು ಹುಟ್ಟಿ ಎರಡು ವಾರ ಆಗಿತ್ತು. ಬಾಣಂತಿಯೂ ಮಗುವೂ ಮಲಗಿದ ಹೊತ್ತು ನೋಡಿ ಅಕ್ಕ ಒಂದು ಗಂಟೆಗೆಂದು ಬಂದಿದ್ದರು. ನನ್ನ ಗೆರಸೆಯಲ್ಲಿ ಯಾವನೋ ಒಬ್ಬ ಕಾರ್ಪೆಟ್ ತೊಳೆಯುತ್ತಿದ್ದ. ಕಪ್ಪು ಕೆಸರು ಮೆತ್ತಿದ ಕಾರ್ಪೆಟ್, ಅದರ ಮೇಲೆ ನೀರು ಬಿಡುವುದು, ನೊರೆ ಬರಿಸುವುದು, ಉಜ್ಜುವುದು, ಮತ್ತೆ ನೀರು ಬಿಡುವುದು. ಅಡಿಯಿಂದ ಕೆಂಪು ಬಣ್ಣ, ಹಳದಿ ಹೂವು, ಒಂದು ಮೂಲೆಯಲ್ಲಿ ನವಿಲು ಎದ್ದು ಬರುವವರೆಗೆ ನಾನು ಕಣ್ಣು ಕೀಳದೆ ನೋಡಿದೆ. ನಮ್ಮ ಮನೆಯಲ್ಲಿ ಕಾರ್ಪೆಟ್ ಇಲ್ಲ. ಕೆದಂಬಾಡಿಯಲ್ಲಿ ಯಾರ ಮನೆಯಲ್ಲಾದರೂ ಉಂಟೋ ನನಗೆ ತಿಳಿಯದು. ಆ ನವಿಲಿನ ಕೊರಳಿನ ಬಣ್ಣ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕ ಆ ದಿನ ಹೇಳಿದ್ದರಲ್ಲಿ ಒಂದಕ್ಷರ ನೆನಪಿಲ್ಲ. ದನಿ ತಗ್ಗಿಸಿ ಏನೋ ಹೇಳಿದರು, ಕೊನೆಗೆ ಏನೋ ಕೇಳಿದರು. ನಾನು ಹ್ಞೂಂ ಅಂದೆ. ಮತ್ತೆ ಏನೋ ಕೇಳಿದರು, ಅದಕ್ಕೂ ಹ್ಞೂಂ ಅಂದೆ. ಹೋಗುವಾಗ “ನಿನಗೆ ಪುಣ್ಯ ಬರ್ಲಿ” ಎಂದರು. ಅದೊಂದು ಕೇಳಿಸಿತ್ತು. ಯಾಕೆ ಹೇಳಿದರು ಎಂದು ಕೇಳಲಿಲ್ಲ. ಕೇಳಿದರೆ ನನ್ನ ಬಣ್ಣ ಬಯಲಾಗುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಕಟ್ಟಿದ ಬೀಡಿ ಕೊಡಲು ನಾನು ಕುಂಬ್ರದ ಬೀಡಿ ಬ್ರಾಂಚಿಗೆ ಹೋಗಿದ್ದೆ. ಬಸ್ಸು ನಿಲ್ಲುವಲ್ಲಿ ಅಕ್ಕ ನಿಂತಿದ್ದರು. ಒಳ್ಳೆಯ ಬುರ್ಖಾ, ಮದುವೆಗೆ ಹಿಡಿಯುವ ಕೈಚೀಲ, ಕೈಯಲ್ಲಿ ಕೊಡೆ. ನನ್ನನ್ನು ನೋಡಿ ಮುಖ ಅರಳಿತು. “ಬಸ್ಸು ಬರ್ತಾ ಉಂಟು” ಎಂದು ರಸ್ತೆಯ ಈ ಬದಿಗೆ ಕೇಳುವ ಹಾಗೆ ಹೇಳಿದರು. ನನ್ನ ಕೈಯಲ್ಲಿ ಫೋನು. ಮಗಳ ಮಾವನ ಮನೆಗೆ ಹೊರಟಿದ್ದಾರೆ, ಹೇಳಿ ಹೋಗುತ್ತಿದ್ದಾರೆ ಎಂದುಕೊಂಡೆ. “ಆಯ್ತಕ್ಕ, ಹೋಗಿ ಬನ್ನಿ” ಎಂದು ಕೈ ಬೀಸಿ ಬ್ರಾಂಚಿನ ಮೆಟ್ಟಿಲು ಹತ್ತಿದೆ. ತಿರುಗಿ ನೋಡಲಿಲ್ಲ.

ಮರುದಿನದಿಂದ ಅಕ್ಕ ಜಗಲಿಗೆ ಬರಲಿಲ್ಲ.

ಮೊದಲ ಎರಡು ದಿನ, ಬಾಣಂತಿ ಇರುವ ಮನೆ, ಪುರುಸೊತ್ತಿಲ್ಲ ಎಂದುಕೊಂಡೆ. ವಾರವಾದರೂ ಬರಲಿಲ್ಲ. ಬೇಲಿಯ ಹತ್ತಿರ ಕಂಡರೂ ಮುಖ ತಿರುಗಿಸಿದರು. ಆಗ ನನ್ನ ತಲೆಗೆ ಬಂದದ್ದು ಕೋಳಿ. ಆ ವಾರ ನನ್ನ ಎರಡು ಹೇಂಟೆಗಳು ಅವರ ಶುಂಠಿಯ ಸಾಲನ್ನು ಕೆದಕಿ ಹಾಕಿದ್ದವು. ಅಷ್ಟಕ್ಕೇ ಇಷ್ಟು ದೊಡ್ಡ ಕೋಪವಾ, ಇಪ್ಪತ್ತು ವರ್ಷದ ಒಡನಾಟಕ್ಕಿಂತ ನಾಲ್ಕು ಶುಂಠಿ ಹೆಚ್ಚಾಯಿತಾ ಎಂದು ನನಗೂ ಕೋಪ ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಾರದಿದ್ದರೆ ಬೇಡ, ನಾನೇನು ಕರೆಯಲು ಹೋಗುವುದಿಲ್ಲ ಎಂದು ಹಟ ಹಿಡಿದು ಕೂತೆ.

ಇದಕ್ಕಿಂತ ನಾಚಿಕೆಯದ್ದು ಇನ್ನೊಂದುಂಟು. ಅವರು ಬಾರದೇ ಇದ್ದದ್ದು ನನಗೆ ಒಳಗೊಳಗೇ ಹಾಯೆನಿಸಿತು. ಎಲೆಯ ಅಡಿಯಲ್ಲಿ ಫೋನು ಅಡಗಿಸಬೇಕಾಗಿಲ್ಲ, ಕೂದಲು ಎಳೆದುಕೊಳ್ಳಬೇಕಾಗಿಲ್ಲ. ಎರಡೂ ಕಿವಿಗೆ ಹಾಕಿಕೊಂಡು ಕೂರಬಹುದು. ಹಾಗೆ ಆರು ವಾರ ಕೂತೆ. ಬ್ರಾಂಚಿನಲ್ಲಿ ಬೀಡಿ ನೋಡುವವರು ನನ್ನ ಕಟ್ಟು ಬಿಡಿಸಿ, “ಎಂತ ಇದು, ಎಲ್ಲ ಬಾಯಿ ಬಿಟ್ಟಿದೆ” ಎಂದು ಹಿಂದಕ್ಕೆ ತಳ್ಳಿದ್ದೂ ಆ ದಿನಗಳಲ್ಲೇ. ಅಕ್ಕನ ಮಾತು ಆಗ ನೆನಪಾಯಿತು, ಕೋಪ ಇನ್ನಷ್ಟು ಹೆಚ್ಚಾಯಿತು.

ಮಗಳು ರಜೆಯಲ್ಲಿ ಮನೆಗೆ ಬಂದಳು. ಮಗು ನೋಡಿ ಬರುತ್ತೇನೆಂದು ಆಚೆ ಮನೆಗೆ ಹೋದವಳು ಬಂದು ನನ್ನ ಹತ್ತಿರ ನಿಂತಳು.

“ಅಮ್ಮಾ, ಆಂಟಿಯ ಕೈಗೆ ಎಂತ ಆಗಿದೆ? ಮಗುವನ್ನು ಎಡಗೈಯಲ್ಲೇ ಎತ್ತುದು. ಬಲಗೈ ಮೇಲೆ ಹೋಗುದೇ ಇಲ್ಲ. ಕೇಳಿದ್ರೆ ‘ನಿನ್ನ ಅಮ್ಮನಿಗೆ ಗೊತ್ತುಂಟು’ ಅಂತ ಹೇಳಿದ್ರು.”

“ನನಗೆ ಎಂತ ಗೊತ್ತು?”

“ನನಗೆ ಎಂತ ಗೊತ್ತು, ನಿಮಗೆ ಗೊತ್ತುಂಟಂತೆ” ಎಂದು ಅವಳು ತನ್ನ ಫೋನು ಹಿಡಿದು ಒಳಗೆ ಹೋದಳು.

ಅಕ್ಕ ಹಾಗೆ ಹೇಳಿದ್ದು ಯಾಕೆ ಎಂದು ಆಗ ಗೊತ್ತಾಗಲಿಲ್ಲ. ಅದು ಎಡಗಿವಿಗೆ ಸಂಬಂಧಪಟ್ಟದ್ದು ಎಂದು ಮಾತ್ರ ಹೇಗೋ ಮೈಗೆ ತಿಳಿಯಿತು. ಕೈಯ ಪುಡಿಯನ್ನೂ ತೊಳೆಯದೆ ಬೇಲಿ ದಾಟಿದೆ.

ಅಕ್ಕ ಅಡುಗೆಮನೆಯಲ್ಲಿದ್ದರು. ನನ್ನನ್ನು ಕಂಡು ಒಳಕೋಣೆಯ ಕಡೆ ಒಮ್ಮೆ ನೋಡಿದರು, ಬಾಣಂತಿ ಎಚ್ಚರವಿದ್ದಾಳೋ ಎಂದು. ಮತ್ತೆ ಹಿತ್ತಿಲಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಡೆದರು. ನಾನು ಹಿಂದೆ ಹೋದೆ.

“ಕೈಗೆ ಎಂತ ಆದದ್ದು ಅಕ್ಕ?”

“ನಿನಗೆ ಹೇಳಿದ್ದೆ ಅಲ್ವಾ. ಈಗ ಎಂತ ಹೊಸತಾಗಿ ಕೇಳುದು?”

“ಎಂತ ಹೇಳಿದ್ದು?”

ನಾನು ನಾಟಕ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ, ಅವರ ಮುಖ ಗಟ್ಟಿಯಾಯಿತು. ತಗ್ಗಿದ ದನಿಯಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

“ಬಲದ ಬದಿ ಎದೆಯಲ್ಲಿ ಗಂಟು ಉಂಟು ಅಂತ ಹೇಳಿದೆ. ಬಾಣಂತಿಗೆ ಗೊತ್ತಾಗ್ಬಾರ್ದು, ಹೆದರಿ ಅವಳ ಹಾಲು ಬತ್ತಿ ಹೋಗ್ತದೆ ಅಂತ ಹೇಳಿದೆ. ಗಂಡನಿಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಾರೆ. ಗುರುವಾರ ಪುತ್ತೂರಿನ ಆಸ್ಪತ್ರೆಗೆ ಹೋಗ್ತೇನೆ, ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ, ನೀನು ಬರ್ತೀಯಾ ಅಂತ ಕೇಳಿದೆ. ಹ್ಞೂಂ ಅಂತ ಹೇಳಿದ್ದು ನೀನೇ. ಒಂಬತ್ತು ಗಂಟೆಗೆ ಕುಂಬ್ರದಲ್ಲಿ ನಿಲ್ತೇನೆ ಅಂದದ್ದಕ್ಕೂ ಹ್ಞೂಂ ಅಂತ ಹೇಳಿದ್ದು. ಮತ್ತೆ ಅಲ್ಲಿ ಬಂದು ಹೋಗಿ ಬನ್ನಿ ಅಂತ ಕೈ ಬೀಸಿ ಹೋದದ್ದು. ನಾನು ಎಂತ ತಿಳ್ಕೊಳ್ಳುದು? ಈ ರೋಗ ಅಂದ್ರೆ ಎಲ್ಲರಿಗೂ ಹೆದರಿಕೆ, ನಿನಗೂ ಹೆದರಿಕೆ ಆಯ್ತು, ಹತ್ತಿರ ಬರ್ಲಿಕ್ಕೆ ಮನಸ್ಸಿಲ್ಲ ಅಂತ ತಿಳ್ಕೊಂಡೆ.”

“ಮತ್ತೆ ನೀವು ಹೋದದ್ದು?”

“ಎಲ್ಲಿಗೆ? ಬಸ್ಸನ್ನು ಬಿಟ್ಟೆ. ಮನೆಗೆ ಬಂದೆ.”

ಆರು ವಾರ. ಬಟ್ಟೆಕಲ್ಲಿನ ಮೇಲೆ ಕೂತುಬಿಟ್ಟೆ. ಕೋಳಿ, ಶುಂಠಿ ಎಂದು ನಾನು ಮುಖ ಊದಿಸಿಕೊಂಡು ಕೂತ ಆರು ವಾರವೂ ಈ ಹೆಂಗಸು ಎದೆಯಲ್ಲಿ ಗಂಟು ಇಟ್ಟುಕೊಂಡು ಮೊಮ್ಮಗುವಿಗೆ ನೀರು ಕಾಯಿಸಿದ್ದಾರೆ, ಮಗಳಿಗೆ ಕಷಾಯ ಕುದಿಸಿದ್ದಾರೆ. ನಾನು ಫೋನಿನ ವಿಷಯ ಹೇಳಿದೆ. ಡಬ್ಬಿ, ಎಲೆಯ ರಾಶಿ, ಎಡಗಿವಿ, ಎಲ್ಲವನ್ನೂ ಹೇಳಿದೆ. ಕಾರ್ಪೆಟ್ಟಿನದ್ದನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ನೀನು ಕೇಳಿಯೇ ಇಲ್ಲ,” ಎಂದರು. “ನಾನು ಯಾರಿಗೂ ಹೇಳಿಯೇ ಇಲ್ಲ ಹಾಗಾದ್ರೆ.”

ಮರುದಿನವೇ ಪುತ್ತೂರಿಗೆ ಹೊರಟೆವು. ಹೊರಡುವ ಮೊದಲು ಫೋನನ್ನು ಅಕ್ಕಿಯ ಡಬ್ಬದಲ್ಲಿ ಹೂತು ಮುಚ್ಚಳ ಹಾಕಿದೆ. ಬಸ್ಸಿನಲ್ಲಿ ನನ್ನ ಕೈ ಎಷ್ಟು ಸಲ ಬ್ಯಾಗಿಗೆ ಹೋಯಿತೋ. ಅಲ್ಲಿ ಇಲ್ಲ ಎಂದು ಗೊತ್ತಿದ್ದೂ ಹೋಗುತ್ತಿತ್ತು. ಅಕ್ಕ ಹೇಳುತ್ತಿದ್ದ ಒಂದೊಂದು ಮಾತನ್ನೂ ನಾನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದೆ, ತಪ್ಪಿಸಿಕೊಂಡರೆ ಎಂಬ ಭಯಕ್ಕೆ. ಅವರು ಹೇಳಿದ್ದು ಹೆಚ್ಚೇನಿಲ್ಲ. ಮಗು ಹಗಲು ಮಲಗುವುದಿಲ್ಲ ಎಂದರು, ಮುಂದಿನ ಸೀಟಿನವನ ತಲೆ ಎಣ್ಣೆ ಕಂಡು ವರ್ಷವಾಗಿರಬೇಕು ಎಂದರು. ಅದನ್ನೂ ಪರೀಕ್ಷೆಗೆ ಓದುವವಳ ಹಾಗೆ ಗಟ್ಟಿ ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಕಾಯುವ ಕೋಣೆ ತುಂಬ ಜನ. ಎಲ್ಲರ ತಲೆಯೂ ಕೆಳಗೆ. ಗೆರಸೆ ಒಂದು ಇಲ್ಲ ಅಷ್ಟೇ, ಬೀಡಿ ಕಟ್ಟುವವರ ಹಾಗೇ ಬಗ್ಗಿ ಕೂತಿದ್ದರು. ಒಬ್ಬ ಮುದುಕ ಪಕ್ಕದ ಮಗನ ಹತ್ತಿರ ಏನೋ ಕೇಳಿದ, ಮಗ ಹ್ಞೂಂ ಅಂದ. ಮುದುಕ ಇನ್ನೊಮ್ಮೆ ಕೇಳಿದ, ಮಗ ಇನ್ನೊಮ್ಮೆ ಹ್ಞೂಂ ಅಂದ. ನಾನು ಎದ್ದು ಹೋಗಿ ಆ ಮುದುಕನಿಗೆ ನೀರು ತಂದುಕೊಟ್ಟೆ. ಅವನಿಗೆ ಬೇಕಾಗಿದ್ದದ್ದು ನೀರೇ.

ಡಾಕ್ಟರ್ ಹೆಂಗಸು, ನನ್ನ ವಯಸ್ಸಿನವರಿರಬೇಕು. ಪರೀಕ್ಷೆ ಮಾಡಿ ಕೈ ತೊಳೆದು ಬಂದು ಕೂತರು.

“ಗಂಟು ಗೊತ್ತಾಗಿ ಎಷ್ಟು ದಿನ ಆಯ್ತು?”

“ಒಂದು ವಾರ,” ಅಂದರು ಅಕ್ಕ.

ನಾನು ಬಾಯಿ ತೆರೆದೆ. ಡಾಕ್ಟರು ಬರೆದುಕೊಂಡರು. ನಾನು ಬಾಯಿ ಮುಚ್ಚಿದೆ. ಹೇಳಬೇಕಾದ ಜಾಗ ಅದೇ ಆಗಿತ್ತು, ಹೇಳಲಿಲ್ಲ. ಹೇಳಿದರೆ ಯಾಕೆ ಇಷ್ಟು ದಿನ ಎಂದು ಕೇಳುತ್ತಾರೆ, ಆಗ ಕಾರ್ಪೆಟ್ಟಿನವರೆಗೆ ಹೋಗಬೇಕಾಗುತ್ತದೆ ಎಂದು ಹೆದರಿದೆ. ಸ್ಕ್ಯಾನಿಂಗ್ ಮಾಡಿದರು, ಸೂಜಿ ಹಾಕಿ ಒಂದು ತುಣುಕು ತೆಗೆದರು. ಅದನ್ನು ಪರೀಕ್ಷೆಗೆ ಕಳಿಸುತ್ತೇವೆ, ಬಂದ ಮೇಲೆ ಫೋನು ಮಾಡುತ್ತೇವೆ ಎಂದರು. ಅಕ್ಕ ಕೊಟ್ಟದ್ದು ನನ್ನ ನಂಬರು. ಅವರ ಫೋನು ಇಡೀ ದಿನ ಬಾಣಂತಿಯ ಕೈಯಲ್ಲಿರುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, “ಒಂದು ವಾರ ಅಂತ ಯಾಕೆ ಹೇಳಿದ್ದು ಅಕ್ಕ?”

“ಮತ್ತೆ ಎಂತ ಹೇಳುದು? ಇಷ್ಟು ದಿನ ಎಂತ ಮಾಡ್ತಿದ್ರಿ ಅಂತ ಕೇಳಿದ್ರೆ, ಇವಳು ಕಾರ್ಪೆಟ್ ನೋಡ್ತಿದ್ದಳು ಅಂತ ಹೇಳುದಾ?” ಎಂದರು. ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ, ಸ್ವಲ್ಪ ಹೊತ್ತಿಗೆ ಅವರೂ ಕಿಟಕಿಯ ಕಡೆ ತಿರುಗಿದರು.

ಆಮೇಲಿನ ಎಂಟು ದಿನ ನನಗೆ ಆದದ್ದನ್ನು ಹೇಗೆ ಹೇಳಲಿ. ಫೋನನ್ನು ಬಿಟ್ಟೇಬಿಡುತ್ತೇನೆ ಎಂದು ಹರಕೆ ಹೊತ್ತವಳ ಹಾಗೆ ನಿರ್ಧಾರ ಮಾಡಿದ್ದೆ. ಈಗ ಅದೇ ಫೋನನ್ನು ಅಕ್ಕಿಯಿಂದ ಹೊರಗೆ ತೆಗೆದು ಸೆರಗಿಗೆ ಕಟ್ಟಿಕೊಂಡು ತಿರುಗಬೇಕಾಯಿತು. ಮಗಳನ್ನು ಕೂರಿಸಿ ರೀಲ್ಸು, ಸೀರಿಯಲ್ಲು, ಸುಡುಗಾಡು ಎಲ್ಲವನ್ನೂ ಅಳಿಸಿ ಹಾಕಿಸಿದೆ. “ಇಷ್ಟೆಲ್ಲ ತೆಗೆದ್ರೆ ಇದರಲ್ಲಿ ಎಂತ ಉಳೀತದೆ ಅಮ್ಮಾ?” ಎಂದು ಕೇಳಿದಳು. ಬೆಲ್ ಉಳಿದರೆ ಸಾಕು ಎಂದೆ. ಬೆಲ್ ಆದಾಗಲೆಲ್ಲ ಕೈಯ ಕೆಲಸ ಬಿಟ್ಟು ತೆಗೆಯುತ್ತಿದ್ದೆ. ತೆಗೆದರೆ ಸಾಲ ಬೇಕಾ ಎಂದು ಕೇಳುವ ಹುಡುಗಿ. ಇನ್ನೊಮ್ಮೆ ತೆಗೆದರೆ ಯಾವುದೋ ಯಂತ್ರ ಹಿಂದಿಯಲ್ಲಿ ಮಾತಾಡುತ್ತಿತ್ತು. ಬೆಲ್ ಆಗದಿದ್ದರೆ ನೆಟ್‌ವರ್ಕ್ ಉಂಟೋ ಇಲ್ಲವೋ ಎಂದು ಅಂಗಳದ ಕೊನೆಗೆ ಹೋಗಿ ನೋಡಿ ಬರುತ್ತಿದ್ದೆ. ಸ್ನಾನಕ್ಕೆ ಹೋದರೆ ಮಗಳ ಕೈಗೆ ಕೊಟ್ಟು, ಕಣ್ಣು ತೆಗೆಯಬೇಡ ಎಂದು ಹೇಳಿ ಹೋಗುತ್ತಿದ್ದೆ. ಮೊದಲು ಕಣ್ಣು ತೆಗೆಯಲಾಗದೆ ನೋಡುತ್ತಿದ್ದೆ, ಈಗ ನೋಡಲಾಗದೆ ನೋಡುತ್ತಿದ್ದೆ.

ಅಕ್ಕ ಜಗಲಿಗೆ ಪುನಃ ಬರತೊಡಗಿದ್ದರು. ಬಲಗೈ ಸೋಲುತ್ತಿತ್ತು, ನಿಧಾನಕ್ಕೆ ಕಟ್ಟುತ್ತಿದ್ದರು. ನಾನು ಫೋನನ್ನು ಇಬ್ಬರ ನಡುವೆ, ಇಬ್ಬರಿಗೂ ಕಾಣುವ ಹಾಗೆ ಕವುಚಿ ಇಡುತ್ತಿದ್ದೆ. ಮಾತಾಡುತ್ತಾ ಆಡುತ್ತಾ ಅವರು ಒಮ್ಮೆಲೇ ನಿಲ್ಲಿಸಿ, “ಈಗ ನಾನು ಎಂತ ಹೇಳಿದೆ?” ಎಂದು ಕೇಳುತ್ತಿದ್ದರು. ನಾನು ಅವರು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುತ್ತಿದ್ದೆ. ಪಾಸು ಅನ್ನುತ್ತಿದ್ದರು. ತಮಾಷೆಗೇ ಕೇಳುತ್ತಿದ್ದರು, ಆದರೆ ದಿನಕ್ಕೆ ಐದಾರು ಸಲ ಕೇಳುತ್ತಿದ್ದರು. ಒಂದು ದಿನವೂ ಬಿಡಲಿಲ್ಲ.

ಒಂಬತ್ತನೆಯ ದಿನ, ಬುಧವಾರ ಮಧ್ಯಾಹ್ನ, ಬೆಲ್ ಆಯಿತು. ಪುತ್ತೂರಿನ ನಂಬರು. ನಾನು ಫೋನನ್ನು ಅಕ್ಕನ ಕಡೆ ಚಾಚಿದೆ. ಅವರು ಕೈ ಹಿಂದೆ ತೆಗೆದುಕೊಂಡರು.

“ನೀನೇ ಕೇಳು,” ಅಂದರು. “ಪೂರ್ತಿ ಕೇಳು.”

ಕೇಳಿದೆ. ರಿಪೋರ್ಟ್ ಬಂದಿದೆ, ಡಾಕ್ಟರು ನಾಳೆಯೇ ಬರಲು ಹೇಳಿದ್ದಾರೆ, ಮನೆಯವರು ಯಾರಾದರೂ ಜೊತೆಗೆ ಬರಬೇಕು. ನೀವು ಅವರ ಯಾರು ಎಂದು ಆ ಕಡೆಯ ಹುಡುಗಿ ಕೇಳಿದಳು. ಆಚೆ ಮನೆಯವಳು ಎಂದೆ. ಫೋನು ಇಟ್ಟು, ಒಂದು ಮಾತನ್ನೂ ಬಿಡದೆ, ಸೇರಿಸದೆ ಅಕ್ಕನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದರು. ಮನೆಯವರು ಯಾರಾದರೂ ಬರಬೇಕು ಎನ್ನುವ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು.

ಗುರುವಾರ ಡಾಕ್ಟರು ಕಾಗದ ಎದುರಿಗಿಟ್ಟುಕೊಂಡು ಮೆಲ್ಲನೆ ಹೇಳಿದರು. ಅದೇ ರೋಗ. ಕಂಕುಳಿನವರೆಗೂ ಬಂದಿರಬಹುದು ಎಂಬ ಅನುಮಾನ. ಚಿಕಿತ್ಸೆ ಉಂಟು, ಹೆದರಬೇಡಿ. ಮಂಗಳೂರಿಗೆ ಬರೆದುಕೊಡುತ್ತೇನೆ, ಮೊದಲು ಆಪರೇಷನ್. ಮತ್ತೆ ಅಕ್ಕನ ಮುಖ ನೋಡಿ, “ಗೊತ್ತಾ‌ದ ವಾರದಲ್ಲೇ ಬಂದಿರಲ್ಲ, ಅದೊಂದು ಒಳ್ಳೆಯದಾಯ್ತು” ಎಂದರು.

ಅಕ್ಕ ತಲೆ ತಗ್ಗಿಸಿಯೇ ಇದ್ದರು. ಮೇಜಿನ ಅಡಿಯಲ್ಲಿ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದರು, ಹೇಳಬೇಡ ಎಂದು.

“ವಾರ ಅಲ್ಲ ಡಾಕ್ಟ್ರೇ,” ಎಂದೆ. “ಎರಡು ತಿಂಗಳಾಯಿತು. ಅವರು ನನಗೆ ಆಗಲೇ ಹೇಳಿದ್ದರು, ನನ್ನನ್ನು ಜೊತೆಗೆ ಕರೆದಿದ್ದರು. ನಾನು ಫೋನು ನೋಡಿಕೊಂಡು ಹ್ಞೂಂ ಹೇಳಿದೆ. ಕೇಳಿಸಿಕೊಳ್ಳಲಿಲ್ಲ.”

ಡಾಕ್ಟರು ಮೊದಲು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಎರಡು ತಿಂಗಳ ಹಿಂದೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

“ಅದನ್ನು ಈಗ ಹೇಳಲಿಕ್ಕೆ ಆಗುದಿಲ್ಲ,” ಎಂದರು. “ಇನ್ನು ತಡ ಮಾಡ್ಬೇಡಿ.”

ಬೈಗುಳಕ್ಕಿಂತ ಅದು ಕಷ್ಟವಾಯಿತು. ರಾತ್ರಿ ಮಲಗಿದರೂ ಅದೇ, ಅನ್ನ ಬಸಿಯುವಾಗಲೂ ಅದೇ. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಸ್ಸಿನಲ್ಲಿ ಅಕ್ಕ ನನ್ನ ಮೇಲೆ ರೇಗಿದರು. “ನಿನ್ನ ಮಾನ ನೀನೇ ತೆಗೆಯುದು ಎಂತಕ್ಕೆ? ನಾನು ಮುಚ್ಚಿಟ್ಟದ್ದು ನಿನಗೆ ಬೇಡವಾ?” ಎಂದರು. ಕುಂಬ್ರದಲ್ಲಿ ಇಳಿಯುವಾಗ ಮಾತ್ರ ನನ್ನ ಕೈ ಹಿಡಿದುಕೊಂಡೇ ಇಳಿದರು.

ಅದೇ ರಾತ್ರಿ ಅಕ್ಕ ತಮ್ಮ ಮಗಳಿಗೂ ಗಲ್ಫಿನಲ್ಲಿದ್ದ ಗಂಡನಿಗೂ ಹೇಳಲೇಬೇಕಾಯಿತು. ಮಗಳು ಅತ್ತಳು, ಹಾಲು ಬತ್ತಲಿಲ್ಲ. ಗಂಡನಿಗೆ ಬುಧವಾರಕ್ಕಲ್ಲದೆ ಟಿಕೆಟ್ ಸಿಗಲಿಲ್ಲ. ಮಂಗಳೂರಿನಲ್ಲಿ ಸೋಮವಾರ ಸೇರಿಸಲು ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ಅಕ್ಕ ಎಂದಿನ ಹಾಗೆ ಗೆರಸೆ ಹಿಡಿದುಕೊಂಡು ಬಂದರು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಕೈಗೆ ಏನಾದರೂ ಬೇಕು ಎಂದರು. ಇಬ್ಬರೂ ಕಟ್ಟುತ್ತಾ ಕೂತೆವು. ಫೋನು ಒಳಗೆ ನನ್ನ ಮಗಳ ಹತ್ತಿರ ಇತ್ತು.

“ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗುದು,” ಎಂದು ಅವರ ದನಿ ಕೇಳಿತು. “ಮಗಳಿಗೆ ಮಗುವನ್ನು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ. ನೀನು ಬರ್ತೀಯಾ?”

ಹ್ಞೂಂ ಎನ್ನುವುದು ಗಂಟಲಿನವರೆಗೆ ಬಂದಿತ್ತು. ಅಷ್ಟು ವರ್ಷದ ಅಭ್ಯಾಸ. ನುಂಗಿಕೊಂಡೆ. ಗೆರಸೆಯನ್ನು ಮಡಿಲಿನಿಂದ ಇಳಿಸಿ ನೆಲಕ್ಕಿಟ್ಟು ತಲೆ ಎತ್ತಿದೆ.

ಅಕ್ಕನ ಕೈ ನಿಂತಿತ್ತು. ನೂಲು ಬೆರಳಿನಲ್ಲೇ ಇತ್ತು. ಅವರು ನನಗಿಂತ ಮೊದಲೇ ತಲೆ ಎತ್ತಿ ನನ್ನ ಕಿವಿಯನ್ನು ನೋಡುತ್ತಾ ಕೂತಿದ್ದರು. ನನ್ನ ಎಡಗಿವಿಯನ್ನು. ಇಪ್ಪತ್ತು ವರ್ಷದಲ್ಲಿ ಅವರು ಒಂದು ದಿನವೂ ಹಾಗೆ ನೋಡಿದವರಲ್ಲ.

ನಾನು ಕೂದಲನ್ನು ಹಿಂದಕ್ಕೆ ಸರಿಸಿ ಕಿವಿ ತೋರಿಸಿದೆ. “ಬರ್ತೇನೆ ಅಕ್ಕ,” ಎಂದೆ.

“ಎಷ್ಟು ಗಂಟೆಗೆ?”

“ಆರೂವರೆಗೆ. ಕುಂಬ್ರದಲ್ಲಿ.”

“ಯಾವ ದಿನ?”

“ಸೋಮವಾರ.”

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆ ತಗ್ಗಿಸಿ, ಅರ್ಧ ಬಿಟ್ಟಿದ್ದ ಬೀಡಿಗೆ ನೂಲು ಸುತ್ತಿದರು.